ಗೊಬ್ಬರದ ಚೀಲದ ಎಳೆಯಲ್ಲಿ ಅಡಗಿರುವ ಎಳೆತ

ಗೊಬ್ಬರದ ಖಾಲಿ ಚೀಲದ ಬಾಯಿಯಿಂದ ಒಂದು ಎಳೆ ಬಿಡಿಸಿಕೊಳ್ಳಿ. ಎರಡು-ಮೂರು ಮಿಲಿಮೀಟರ್ ಅಗಲದ ತೆಳ್ಳನೆಯ ಪಟ್ಟಿ ಅದು. ಎರಡೂ ತುದಿ ಹಿಡಿದು ಜಗ್ಗಿದರೆ ಬೆರಳಿನ ಚರ್ಮ ಕೊಯ್ದೀತು, ಪಟ್ಟಿ ಹರಿಯುವುದಿಲ್ಲ. ಅದೇ ಪಟ್ಟಿಯ ನಡುವೆ ಉಗುರು ಚುಚ್ಚಿ ಸೀಳಿದರೆ ಈ ತುದಿಯಿಂದ ಆ ತುದಿಯವರೆಗೆ ಸಲೀಸಾಗಿ ಇಬ್ಭಾಗವಾಗುತ್ತದೆ. ಉರಿಯುವ ಬೆಂಕಿಕಡ್ಡಿಯನ್ನು ತಾಗಿಸದೆ ಹತ್ತಿರ ಹಿಡಿದರೆ, ಕರಗುವ ಮೊದಲೇ ಸರ್ರನೆ ಕುಗ್ಗಿ ಗಿಡ್ಡವಾಗುತ್ತದೆ. ಉದ್ದಕ್ಕೆ ಅಷ್ಟು ಗಟ್ಟಿ, ಅಡ್ಡಕ್ಕೆ ಇಷ್ಟು ದುರ್ಬಲ, ಬಿಸಿ ತಗುಲಿದರೆ ಹಳೆಯ ಅಳತೆಗೆ ಮರಳುವ ಆತುರ. ಮೂರಕ್ಕೂ ಕಾರಣ ಒಂದೇ: ತಯಾರಾಗುವಾಗ ಆ ಪಟ್ಟಿಯನ್ನು ಐದರಿಂದ ಏಳು ಪಟ್ಟು ಉದ್ದಕ್ಕೆ ಎಳೆಯಲಾಗಿದೆ.

ಈ ಎಳೆಯ ಹುಟ್ಟು, ದುಡಿಮೆ, ಸಾವು ಮೂರನ್ನೂ ನೋಡಬೇಕೆಂದರೆ ಮಂಗಳೂರಿನ ಕೂಳೂರಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗಲಾರದು. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಫಲ್ಗುಣಿ ಹೊಳೆಯನ್ನು ದಾಟುತ್ತದೆ. ಸೇತುವೆಯಿಂದ ಉತ್ತರಕ್ಕೆ ಪಣಂಬೂರು; ಅಲ್ಲಿ 1976ರಿಂದ ಯೂರಿಯಾ ತಯಾರಿಸುತ್ತ ಬಂದ ಎಂಸಿಎಫ್ ಕಾರ್ಖಾನೆ, ಅದರಾಚೆ ನವಮಂಗಳೂರು ಬಂದರು, ಮುಂದೆ ಬೈಕಂಪಾಡಿಯ ಕೈಗಾರಿಕಾ ಪ್ರದೇಶ. ಈಶಾನ್ಯದ ಗುಡ್ಡಗಳ ಕಡೆ ಕುತ್ತೆತ್ತೂರಿನ ಎಂಆರ್‌ಪಿಎಲ್ ತೈಲಾಗಾರ. ಹೊಳೆ ಹಿಡಿದು ದಕ್ಷಿಣಕ್ಕೆ ಇಳಿದರೆ ತಣ್ಣೀರುಬಾವಿ, ಬೆಂಗ್ರೆ, ಹಳೆ ಬಂದರಿನ ಮೀನುಗಾರಿಕಾ ದಕ್ಕೆ. ಚೀಲದ ಎಳೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು; ಅದನ್ನು ತಯಾರಿಸುವ ಎಂಆರ್‌ಪಿಎಲ್ ಘಟಕ 2015ರಲ್ಲಿ ಶುರುವಾಯಿತು. ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಈ ಘಟಕದ ಸರಕು ‘ಮ್ಯಾಂಗ್‌ಪಾಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ನೋಡಲು ಸಣ್ಣ ಬಿಳಿ ಹರಳುಗಳು, ಅಷ್ಟೇ. ಕಚ್ಚಾತೈಲ ಹರಳಾಗುವ ರಸಾಯನಶಾಸ್ತ್ರದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರಹ ಬರುತ್ತದೆ. ಹರಳು ಎಳೆಯಾಗುವ ಭೌತಶಾಸ್ತ್ರದ ಬಗ್ಗೆ ಬರುವುದು ಕಡಿಮೆ. ಐವತ್ತು ಕಿಲೋ ಹೊರುವ ಶಕ್ತಿ ಚೀಲಕ್ಕೆ ಬರುವುದು ಈ ಎರಡನೆಯ ಹಂತದಲ್ಲಿ, ಹಾಗಾಗಿ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪಾಲಿಪ್ರೊಪಿಲೀನ್ ಎಂದರೆ ಪ್ರೊಪಿಲೀನ್ ಅನಿಲದ ಸಾವಿರಾರು ಅಣುಗಳು ಒಂದಕ್ಕೊಂದು ಕೈಹಿಡಿದು ಆದ ಉದ್ದನೆಯ ಸರಪಳಿ. ಇಂಗಾಲದ ಬೆನ್ನೆಲುಬು, ಒಂದು ಬಿಟ್ಟು ಒಂದು ಇಂಗಾಲಕ್ಕೆ ಪಕ್ಕದಲ್ಲಿ ಜೋತುಬಿದ್ದ ಒಂದು ಮೀಥೈಲ್ ಗುಂಪು. ಈ ಗುಂಪುಗಳು ಮನಬಂದ ಕಡೆ ತಿರುಗಿದ್ದರೆ ಸಿಗುವುದು ಅಂಟಂಟಾದ ಮುದ್ದೆ. ಎಲ್ಲವೂ ಒಂದೇ ಬದಿಗೆ ಇದ್ದರೆ ಸರಪಳಿಗಳು ಒತ್ತೊತ್ತಾಗಿ ಕೂತು ಸ್ಫಟಿಕ ಕಟ್ಟಬಲ್ಲವು. ಜರ್ಮನಿಯ ಕಾರ್ಲ್ ಝೀಗ್ಲರ್ ಕಂಡುಹಿಡಿದಿದ್ದ ವೇಗವರ್ಧಕದ ಬೆನ್ನುಹತ್ತಿ ಮಿಲಾನಿನ ಜೂಲಿಯೊ ನಟ್ಟಾ 1954ರಲ್ಲಿ ಇಂಥ ಕ್ರಮಬದ್ಧ ಸರಪಳಿಯನ್ನು ಪಡೆದರು. 1963ರ ನೊಬೆಲ್ ಇಬ್ಬರಿಗೂ ಸಂದಿತು. ಮೀಥೈಲ್ ಗುಂಪುಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಇರಬೇಕಲ್ಲ, ಅದಕ್ಕಾಗಿ ಈ ಸರಪಳಿ ನೇರವಾಗಿ ನಿಲ್ಲದೆ ಸುರುಳಿ ಸುತ್ತಿಕೊಳ್ಳುತ್ತದೆ. ಮೂರು ಘಟಕಕ್ಕೆ ಒಂದು ಸುತ್ತು, ಸುತ್ತಿನ ಎತ್ತರ 0.65 ನ್ಯಾನೋಮೀಟರ್. ಈ ಸುರುಳಿಯ ವಿಷಯ ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕರಗಿದ ಪಾಲಿಪ್ರೊಪಿಲೀನ್ ತಣಿಯುವಾಗ ಸರಪಳಿಗಳು ಉದ್ದುದ್ದಕ್ಕೆ ಸಾಲಾಗಿ ಮಲಗುತ್ತವೆ ಎಂದು ನಾವು ಊಹಿಸುತ್ತೇವೆ. ಹಾಗೆ ಆಗುವುದಿಲ್ಲ. 1957ರಲ್ಲಿ ಬ್ರಿಸ್ಟಲ್‌ನ ಆಂಡ್ರ್ಯೂ ಕೆಲ್ಲರ್ ಪಾಲಿಥೀನಿನ ಸ್ಫಟಿಕಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದು ಸುಮಾರು ಹತ್ತು ನ್ಯಾನೋಮೀಟರ್ ದಪ್ಪದ ಹಾಳೆಗಳು. ವಿಚಿತ್ರವೆಂದರೆ, ಸರಪಳಿಗಳು ಹಾಳೆಯ ದಪ್ಪದ ದಿಕ್ಕಿನಲ್ಲಿ ನಿಂತಿದ್ದವು; ಆದರೆ ಒಂದೊಂದು ಸರಪಳಿಯ ಉದ್ದ ಆ ದಪ್ಪಕ್ಕಿಂತ ನೂರು ಪಟ್ಟು ಹೆಚ್ಚು! ಹಾಗಾದರೆ ಸರಪಳಿ ಮೇಲೆ ಹೋಗಿ, ಅಂಚಿನಲ್ಲಿ ತಿರುಗಿ ಕೆಳಗೆ ಬಂದು, ಮತ್ತೆ ತಿರುಗಿ ಮೇಲೆ ಹೋಗುತ್ತಿರಲೇಬೇಕು. ದಕ್ಕೆಯಲ್ಲಿ ಬೋಟು ಹೊರಡುವ ಮೊದಲು ಬಲೆಯ ಹಗ್ಗವನ್ನು ಹಲಗೆಯ ಮೇಲೆ ಅತ್ತಿಂದಿತ್ತ, ಇತ್ತಿಂದತ್ತ ಮಡಿಸಿ ಒಟ್ಟುವುದನ್ನು ನೋಡಿದವರಿಗೆ ಈ ಚಿತ್ರ ಸುಲಭವಾಗಿ ಹಿಡಿಯುತ್ತದೆ. ಸ್ಫಟಿಕದ ಹಾಳೆಯಲ್ಲಿ ಸರಪಳಿ ಕೂತಿರುವುದು ಹಾಗೆಯೇ. ಹಗ್ಗ ಸಿಕ್ಕಾಗದಂತೆ ಕಡಲಿಗೆ ಬಿಚ್ಚಿಕೊಂಡು ಹೋಗುತ್ತದಲ್ಲ, ಎಳೆದಾಗ ಸರಪಳಿಯೂ ಹಾಗೆಯೇ ಬಿಚ್ಚಿಕೊಳ್ಳುತ್ತದೆ.

ಇಂಥ ಹಾಳೆಗಳ ನಡುವೆ ಕ್ರಮವಿಲ್ಲದೆ ಗೋಜಲಾಗಿ ಉಳಿದ ಭಾಗವೂ ಇರುತ್ತದೆ. ಕೆಲವು ಸರಪಳಿಗಳ ಒಂದು ತುದಿ ಈ ಹಾಳೆಯಲ್ಲಿ, ನಡುಭಾಗ ಗೋಜಲಿನಲ್ಲಿ, ಇನ್ನೊಂದು ತುದಿ ಪಕ್ಕದ ಹಾಳೆಯಲ್ಲಿ. ಇವುಗಳನ್ನು ಕೊಂಡಿ ಸರಪಳಿಗಳು ಎನ್ನೋಣ. ಸಂಖ್ಯೆಯಲ್ಲಿ ಇವು ಕಡಿಮೆ. ಆದರೆ ಇಡೀ ವಸ್ತು ಬಿಟ್ಟುಹೋಗದೆ ನಿಂತಿರುವುದು ಇವುಗಳ ಮೇಲೆ.

ಈಗ ಚೀಲದ ಪಟ್ಟಿ ತಯಾರಾಗುವ ಯಂತ್ರದ ಮುಂದೆ ನಿಂತುಕೊಳ್ಳೋಣ. ಹರಳುಗಳು 230 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಕರಗಿ, ಸಪೂರ ಸೀಳಿನ ಮೂಲಕ ಅಗಲವಾದ ಹಾಳೆಯಾಗಿ ಹೊರಬರುತ್ತವೆ. ಬಂದೊಡನೆ ನೀರಿನ ತೊಟ್ಟಿಗೆ ಇಳಿಯುತ್ತವೆ. ಈ ದಿಢೀರ್ ತಣಿಸುವಿಕೆ ಬಹಳ ಮುಖ್ಯ. ನಿಧಾನವಾಗಿ ತಣಿದಿದ್ದರೆ ಆಲ್ಫಾ ರೂಪ ಎಂದು ಕರೆಯುವ ಪೂರ್ಣ ಸ್ಫಟಿಕಗಳು ದಪ್ಪದಪ್ಪವಾಗಿ ಬೆಳೆದು, ಮುಂದೆ ಎಳೆಯುವಾಗ ಅಡ್ಡಿಯಾಗುತ್ತಿದ್ದವು. ತಟ್ಟನೆ ತಣಿದಾಗ ಸುರುಳಿಗಳು ಒಂದರ ಪಕ್ಕ ಒಂದು ಸಮಾನಾಂತರವಾಗಿ ಬರುತ್ತವೆ, ಆದರೆ ಎಡಸುರುಳಿ-ಬಲಸುರುಳಿಗಳು ಸರಿಯಾದ ಸರದಿಯಲ್ಲಿ ಕೂರಲು ಸಮಯ ಸಿಗುವುದಿಲ್ಲ. ಅರೆಬರೆ ಕ್ರಮದ ಈ ಸ್ಥಿತಿ ಸ್ಫಟಿಕಕ್ಕೂ ಗೋಜಲಿಗೂ ನಡುವಿನದು. ಎಳೆಯಲು ಇದು ಹೇಳಿ ಮಾಡಿಸಿದ್ದು.

ತಣಿದ ಹಾಳೆಯನ್ನು ಸಾಲಾಗಿ ಜೋಡಿಸಿದ ಬ್ಲೇಡುಗಳು ಪಟ್ಟಿಗಳಾಗಿ ಸೀಳುತ್ತವೆ. ಪಟ್ಟಿಗಳು ಬಿಸಿಗಾಳಿಯ ಒಲೆಯೊಳಗೆ ಹೋಗುತ್ತವೆ. ಒಲೆಯ ಈಚೆಗಿನ ರೋಲರುಗಳು ನಿಧಾನ, ಆಚೆಗಿನವು ಐದರಿಂದ ಏಳು ಪಟ್ಟು ವೇಗ. ನಡುವೆ ಸಿಕ್ಕ ಪಟ್ಟಿ ಹಿಗ್ಗದೆ ವಿಧಿಯಿಲ್ಲ. ಒಲೆಯ ಬಿಸಿ ಪಾಲಿಪ್ರೊಪಿಲೀನ್ ಕರಗುವ ಸುಮಾರು 165 ಡಿಗ್ರಿಗಿಂತ ಕೆಳಗೆ, ಆದರೆ ಸರಪಳಿಗಳು ಸ್ಫಟಿಕದೊಳಗೆ ಜಾರುವಷ್ಟು ಮೇಲೆ ಇರಬೇಕು. ಇಲ್ಲಿ ಏಕಕಾಲಕ್ಕೆ ಎರಡು ಬದಲಾವಣೆ ನಡೆಯುತ್ತವೆ. ಅರೆಬರೆ ಕ್ರಮ ಬಿಸಿಗೆ ಆಲ್ಫಾ ಸ್ಫಟಿಕವಾಗಿ ಮಾರ್ಪಡುತ್ತದೆ. ಮಡಿಕೆಯ ಹಾಳೆಗಳು ಓರೆಯಾಗಿ, ಸಣ್ಣ ತುಂಡುಗಳಾಗಿ ಒಡೆದು, ಆ ತುಂಡುಗಳು ಎಳೆತದ ದಿಕ್ಕಿನಲ್ಲಿ ಒಂದರ ಹಿಂದೊಂದು ಸರದಿ ನಿಲ್ಲುತ್ತವೆ. ಒಡೆಯುವಾಗ ಬಿಚ್ಚಿಕೊಂಡ ಸರಪಳಿಗಳು ಈ ತುಂಡುಗಳನ್ನು ಪೋಣಿಸುವ ಕೊಂಡಿಗಳಾಗುತ್ತವೆ. ಹೀಗೆ ಹುಟ್ಟುವುದೇ ಸೂಕ್ಷ್ಮನಾರು. ಹಾಳೆಯಿಂದ ನಾರಿಗೆ ಆಗುವ ಈ ರೂಪಾಂತರವನ್ನು ವಿವರಿಸಿದವರಲ್ಲಿ ಆಂಟನ್ ಪೀಟರ್ಲಿನ್ ಅವರ ಹೆಸರು ದೊಡ್ಡದು. ಅವರ ಮಾದರಿಯನ್ನು ಇಂದಿಗೂ ಪಾಠ ಮಾಡಲಾಗುತ್ತದೆ.

ಈಗ ಮೊದಲಿನ ಮೂರು ಗುಣಗಳಿಗೆ ಉತ್ತರ ಸಿಕ್ಕಿತು. ಉದ್ದಕ್ಕೆ ಜಗ್ಗಿದಾಗ ಭಾರ ಬೀಳುವುದು ಸರಪಳಿಯೊಳಗಿನ ಇಂಗಾಲ-ಇಂಗಾಲ ಬಂಧದ ಮೇಲೆ. ಅದು ಬಲು ಗಟ್ಟಿ. ಅಡ್ಡಕ್ಕೆ ಸೀಳಿದಾಗ ಬಿಡಿಸಬೇಕಾದದ್ದು ಪಕ್ಕಪಕ್ಕದ ಸರಪಳಿಗಳ ನಡುವಿನ ಸಣ್ಣ ಆಕರ್ಷಣೆಯನ್ನು ಮಾತ್ರ. ಚೀಲದಲ್ಲಿ ಪಟ್ಟಿಗಳನ್ನು ಉದ್ದಕ್ಕೂ ಅಡ್ಡಕ್ಕೂ ನೇಯುವುದು ಈ ದೌರ್ಬಲ್ಯವನ್ನು ಮುಚ್ಚಲಿಕ್ಕೆ. ಇನ್ನು ಬೆಂಕಿಯ ಹತ್ತಿರ ಕುಗ್ಗುವುದು ಗೋಜಲು ಭಾಗದ ಕೆಲಸ. ಬಲವಂತವಾಗಿ ನೇರವಾಗಿದ್ದ ಸರಪಳಿಗಳು ಬಿಸಿ ಸಿಕ್ಕೊಡನೆ ಮತ್ತೆ ಮುದುರುತ್ತವೆ. ಅದಕ್ಕೇ ಕಾರ್ಖಾನೆಯಲ್ಲಿ ಎಳೆದ ಪಟ್ಟಿಯನ್ನು ಬಿಸಿ ರೋಲರುಗಳ ಮೇಲೆ ಹಾಯಿಸಿ ಸ್ವಲ್ಪ ಸಡಿಲ ಬಿಡುತ್ತಾರೆ. ಕುಗ್ಗುವಷ್ಟು ಅಲ್ಲೇ ಕುಗ್ಗಲಿ, ಗಿರಾಕಿಯ ಗೋದಾಮಿನಲ್ಲಿ ಬೇಡ ಎಂದು.

ಯಂತ್ರ ನೋಡಲು ಆಗದವರು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ತೆಳು ಪ್ಲಾಸ್ಟಿಕ್ ಕವರಿನಿಂದ ಒಂದು ಬೆರಳಗಲದ ಪಟ್ಟಿ ಕತ್ತರಿಸಿ, ನಿಧಾನವಾಗಿ ಎಳೆಯಿರಿ. ಮೊದಲು ತಡೆಯುತ್ತದೆ. ಆಮೇಲೆ ಎಲ್ಲೋ ಒಂದು ಕಡೆ ಸೊಂಟ ಸಣ್ಣಗಾಗುತ್ತದೆ. ಅಲ್ಲೇ ಹರಿಯುತ್ತದೆ ಎಂದುಕೊಂಡರೆ ಹರಿಯುವುದಿಲ್ಲ. ಸಣ್ಣಗಾದ ಭಾಗ ಹಾಗೇ ಉಳಿದು, ಅದರ ಅಂಚು ಎರಡೂ ಕಡೆಗೆ ಸರಿಯುತ್ತ ಪಟ್ಟಿಯ ಉಳಿದ ಭಾಗವನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಸಣ್ಣಗಾದಲ್ಲೇ ಯಾಕೆ ತುಂಡಾಗಲಿಲ್ಲ? ಅಲ್ಲಿ ಸರಪಳಿಗಳು ಈಗಾಗಲೇ ಸಾಲುಗೂಡಿವೆ. ತೆಳುವಾದರೂ ಅದು ದಪ್ಪ ಭಾಗಕ್ಕಿಂತ ಬಲಶಾಲಿ. ಎಳೆಯುವುದು ದುರ್ಬಲಗೊಳಿಸುವ ಕ್ರಿಯೆ ಎಂಬ ನಮ್ಮ ದಿನನಿತ್ಯದ ತಿಳಿವಳಿಕೆ ಇಲ್ಲಿ ತಲೆಕೆಳಗಾಗುತ್ತದೆ. ಪಾಲಿಮರ್ ವಿಜ್ಞಾನದಲ್ಲಿ ಇದಕ್ಕಿಂತ ಸುಂದರವಾದ, ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ಗೊತ್ತಿಲ್ಲ. ಶಾಲೆಗಳಲ್ಲಿ ಇದನ್ನು ಮಾಡಿ ತೋರಿಸಬೇಕು.

ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಜೂಲಿಯನ್ ಹಿಲ್ 1930ರಲ್ಲಿ ಇದನ್ನೇ ಕಂಡರು. ವ್ಯಾಲೇಸ್ ಕ್ಯಾರೊದರ್ಸ್ ತಂಡ ತಯಾರಿಸಿದ್ದ ಪಾಲಿಯೆಸ್ಟರ್ ಮುದ್ದೆಯಿಂದ ಕಡ್ಡಿಯಲ್ಲಿ ಎಳೆದ ದಾರ, ತಣಿದ ಮೇಲೆ ಇನ್ನಷ್ಟು ಎಳೆದರೆ ರೇಷ್ಮೆಯ ಹೊಳಪು ಮತ್ತು ಬಲ ಪಡೆಯುತ್ತಿತ್ತು. ಎಷ್ಟು ಉದ್ದಕ್ಕೆ ಬರುತ್ತದೆಂದು ನೋಡಲು ಅವರು ಅದನ್ನು ಹಿಡಿದು ಕಾರಿಡಾರಿನಲ್ಲಿ ಓಡಿದ ಕಥೆ ಪ್ರಸಿದ್ಧ. ಆ ಪಾಲಿಯೆಸ್ಟರ್ ಬಟ್ಟೆಗೆ ಒದಗಲಿಲ್ಲ, ಬಿಸಿನೀರಿನಲ್ಲೇ ಮೆತ್ತಗಾಗುತ್ತಿತ್ತು. ಆದರೆ ತಣ್ಣಗಿರುವಾಗ ಎಳೆಯುವ ಪಾಠ ಉಳಿಯಿತು. 1935ರಲ್ಲಿ ನೈಲಾನ್ ಬಂದಾಗ ಅದನ್ನು ನೂಲಾಗಿಸಿದ್ದು ಆ ಪಾಠವೇ.

ಎಷ್ಟು ಎಳೆದರೆ ಎಷ್ಟು ಬಲ? ಎಳೆಯದ ಪಾಲಿಪ್ರೊಪಿಲೀನಿನ ಬಿಗಿತ, ಅಂದರೆ ಹಿಗ್ಗುವುದಕ್ಕೆ ಅದು ಒಡ್ಡುವ ಪ್ರತಿರೋಧ, ಸುಮಾರು 1.5 ಗಿಗಾಪಾಸ್ಕಲ್. ಚೀಲದ ಪಟ್ಟಿಯಾಗಿ ಎಳೆದಾಗ ಅದು ಹಲವು ಪಟ್ಟು ಏರುತ್ತದೆ. ಪರಿಪೂರ್ಣ ಸ್ಫಟಿಕದಲ್ಲಿ ಸರಪಳಿಯ ದಿಕ್ಕಿನಲ್ಲಿ ಅಳೆದರೆ ಸಿಗುವ ಮೇಲ್ಮಿತಿ 40 ಗಿಗಾಪಾಸ್ಕಲ್ ಆಸುಪಾಸು. ಅದೇ ಪಾಲಿಥೀನಿಗೆ ಈ ಮೇಲ್ಮಿತಿ 240ರ ಹತ್ತಿರ. ಉಕ್ಕಿನ 200ನ್ನೂ ಮೀರಿದ್ದು! ಎರಡೂ ಇಂಗಾಲ-ಜಲಜನಕಗಳ ಸರಪಳಿಗಳೇ. ಇಷ್ಟು ಅಂತರ ಯಾಕೆ? ಸುರುಳಿಯನ್ನು ನೆನಪಿಡಿ ಎಂದದ್ದು ಇದಕ್ಕೆ. ಪಾಲಿಥೀನಿನ ಸರಪಳಿ ಸ್ಫಟಿಕದಲ್ಲಿ ಚಪ್ಪಟೆಯಾಗಿ ಅಂಕುಡೊಂಕಾಗಿ ನೇರವಾಗಿ ನಿಂತಿರುತ್ತದೆ. ಎಳೆದರೆ ಬಂಧಗಳೇ ಹಿಗ್ಗಬೇಕು, ಕೋನಗಳೇ ತೆರೆಯಬೇಕು. ಪಾಲಿಪ್ರೊಪಿಲೀನಿನ ಸುರುಳಿಯಲ್ಲಿ ಬಂಧಗಳು ತಿರುಗಿಕೊಂಡರೆ ಸಾಕು, ಉದ್ದ ಸಿಗುತ್ತದೆ. ತಿರುಗುವುದು ಸುಲಭ, ಹಿಗ್ಗುವುದು ಕಷ್ಟ.

ಪಾಲಿಥೀನಿನ ಆ ಮೇಲ್ಮಿತಿಯನ್ನು ಬೆನ್ನಟ್ಟಿದವರು 1970ರ ದಶಕದಲ್ಲಿ ಇಬ್ಬಗೆಯ ದಾರಿ ಹಿಡಿದರು. ಲೀಡ್ಸ್‌ನ ಇಯಾನ್ ವಾರ್ಡ್ ತಂಡ ಬಿಸಿಯನ್ನೂ ವೇಗವನ್ನೂ ಹದಗೊಳಿಸಿ ಘನ ಪಾಲಿಥೀನನ್ನೇ ಮೂವತ್ತು ಪಟ್ಟಿನ ಆಸುಪಾಸಿಗೆ ಎಳೆಯಿತು. ನೆದರ್ಲೆಂಡ್ಸಿನ ಡಿಎಸ್‌ಎಂ ಕಂಪನಿಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಅತಿ ಉದ್ದ ಸರಪಳಿಯ ಪಾಲಿಥೀನನ್ನು ದ್ರಾವಕದಲ್ಲಿ ಕರಗಿಸಿ ನೂಲು ತೆಗೆದರು. ದ್ರಾವಣದಲ್ಲಿ ಸರಪಳಿಗಳ ಗೋಜಲು ಕಡಿಮೆ. ಹಾಗಾಗಿ ಆ ನೂಲನ್ನು ಅಸಾಧಾರಣ ಉದ್ದಕ್ಕೆ ಎಳೆಯಬಹುದು. ಅದೇ ಇಂದಿನ ಡೈನೀಮಾ. ಸಮ ತೂಕದ ಉಕ್ಕಿಗಿಂತ ಹಲವು ಪಟ್ಟು ಬಲದ, ನೀರಿನಲ್ಲಿ ತೇಲುವ ಈ ಎಳೆ ದೊಡ್ಡ ಹಡಗುಗಳನ್ನು ಬಂದರಿನ ಕಂಬಕ್ಕೆ ಬಿಗಿಯುವ ಹಗ್ಗಗಳಲ್ಲಿ ಸೇರಿದೆ. ಕಡೆಗೂ ಅದು ಪಾಲಿಥೀನೇ, ಹಾಲಿನ ಪ್ಯಾಕೆಟ್ಟಿನ ರಾಸಾಯನಿಕ ಕುಲದ್ದೇ.

ಎಳೆತ ಸ್ಫಟಿಕದ ರಚನೆಯನ್ನೇ ಬದಲಿಸುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿ ಸಿಕ್ಕಿದ್ದು ಕುರಿಯ ಉಣ್ಣೆಯಲ್ಲಿ. 1930ರ ದಶಕದಲ್ಲಿ ಲೀಡ್ಸ್‌ನಲ್ಲೇ ವಿಲಿಯಂ ಆಸ್ಟ್‌ಬರಿ ಒದ್ದೆ ಕೂದಲನ್ನು ಎಳೆದು ಎಕ್ಸ್-ರೇ ಚಿತ್ರ ತೆಗೆದರು. ಎಳೆಯುವ ಮೊದಲು ಕಾಣುತ್ತಿದ್ದ 0.51 ನ್ಯಾನೋಮೀಟರ್ ಅಂತರದ ಗುರುತು ಮಾಯವಾಗಿ, 0.34ರ ಹತ್ತಿರ ಹೊಸ ಗುರುತು ಮೂಡಿತ್ತು. ಸುರುಳಿಯಾಗಿದ್ದ ಪ್ರೋಟೀನು ಬಿಚ್ಚಿ ಚಾಚಿಕೊಂಡಿತ್ತು. ನಮ್ಮ ರೇಷ್ಮೆಯಾದರೋ ಹುಟ್ಟುವಾಗಲೇ ಆ ಚಾಚಿದ ರೂಪದ್ದು. ಹುಳು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಎಳೆಯನ್ನು ತನ್ನ ಬಾಯಿಯಿಂದ ತಾನೇ ಎಳೆದುಕೊಳ್ಳುತ್ತದೆ; ಆ ಎಳೆತದಲ್ಲಿ ಪ್ರೋಟೀನಿನ ಸ್ಫಟಿಕಗಳು ಸಾಲುಗೂಡುತ್ತವೆ. ಮೈಸೂರಿನ ಮಾನಸಗಂಗೋತ್ರಿಯ ಭೌತವಿಜ್ಞಾನ ವಿಭಾಗದಲ್ಲಿ ಆರ್. ಸೋಮಶೇಖರ್ ಮತ್ತು ಸಂಗಡಿಗರು ಕರ್ನಾಟಕದ ರೇಷ್ಮೆ ಎಳೆಗಳ ಸ್ಫಟಿಕದ ಗಾತ್ರವನ್ನು ಎಕ್ಸ್-ರೇ ಮೂಲಕ ವರ್ಷಗಟ್ಟಲೆ ಅಳೆದಿದ್ದಾರೆ. ರೇಷ್ಮೆಯ ನಾಡಿನಲ್ಲಿ ಆ ಕೆಲಸ ಇನ್ನಷ್ಟು ಜನರಿಗೆ ಗೊತ್ತಾಗಬೇಕಿತ್ತು.

ಎಳೆದರೆ ಗಟ್ಟಿಯಾಗುವುದು ಒಂದು ಕಥೆ. ಎಳೆದು ಬಿಟ್ಟರೆ ಹಿಂದಿರುಗುವುದು ಇನ್ನೊಂದು. ಇದಕ್ಕೆ ಕೂಳೂರಿನಿಂದ ಘಟ್ಟದ ಬುಡಕ್ಕೆ ಹೋಗಬೇಕು. ಸುಳ್ಯ, ಪುತ್ತೂರುಗಳ ಗುಡ್ಡಗಳಲ್ಲಿ ರಬ್ಬರ್ ತೋಟಗಳಿವೆ. ದಪ್ಪ ರಬ್ಬರ್ ಬ್ಯಾಂಡೊಂದನ್ನು ಮೇಲ್ದುಟಿಗೆ ತಾಗಿಸಿಟ್ಟು ತಟ್ಟನೆ ಎಳೆದು ನೋಡಿ, ಬೆಚ್ಚಗಾಗುತ್ತದೆ. ಸ್ವಲ್ಪ ಹೊತ್ತು ಹಾಗೇ ಹಿಡಿದು ಸಡಿಲ ಬಿಟ್ಟರೆ ತಣ್ಣಗಾಗುತ್ತದೆ. ಇಂಗ್ಲೆಂಡಿನ ಕುರುಡ ವಿದ್ವಾಂಸ ಜಾನ್ ಗಫ್ 1805ರಲ್ಲಿ ತುಟಿಯಿಂದಲೇ ಇದನ್ನು ಗುರುತಿಸಿದರು. 1859ರಲ್ಲಿ ಜೇಮ್ಸ್ ಜೌಲ್ ಉಪಕರಣದಿಂದ ಅಳೆದರು. ರಬ್ಬರಿನ ಸರಪಳಿಗಳಿಗೆ ಮುದುರಿಕೊಳ್ಳಲು ಲೆಕ್ಕವಿಲ್ಲದಷ್ಟು ಬಗೆಗಳಿವೆ, ನೇರವಾಗಲು ಕೆಲವೇ ಬಗೆ. ಎಳೆದರೆ ಆ ಸ್ವಾತಂತ್ರ್ಯ ಹೋಗುತ್ತದೆ, ಬಿಟ್ಟರೆ ಮರಳುತ್ತದೆ. ರಬ್ಬರಿನ ಸ್ಥಿತಿಸ್ಥಾಪಕತೆಯ ಮೂಲ ಅದು. 1925ರಲ್ಲಿ ಯೋಹಾನ್ ಕಾಟ್ಸ್ ಎಳೆದ ರಬ್ಬರಿನ ಮೇಲೆ ಎಕ್ಸ್-ರೇ ಹಾಯಿಸಿದಾಗ, ಸಡಿಲವಿದ್ದಾಗ ಮಸುಕು ಉಂಗುರವಷ್ಟೇ ಇದ್ದ ಕಡೆ ಸ್ಫಟಿಕದ ಚುಕ್ಕೆಗಳು ಹೊಳೆದವು. ಮೂರು-ನಾಲ್ಕು ಪಟ್ಟು ಎಳೆದಾಗ ನೈಸರ್ಗಿಕ ರಬ್ಬರಿನಲ್ಲಿ ಸ್ಫಟಿಕಗಳು ಹುಟ್ಟುತ್ತವೆ, ಬಿಟ್ಟೊಡನೆ ಕರಗುತ್ತವೆ. ಹರಕು ಮುಂದುವರಿಯಬೇಕಾದ ತುದಿಯಲ್ಲೇ ಎಳೆತ ಹೆಚ್ಚು, ಸ್ಫಟಿಕವೂ ಅಲ್ಲೇ ಹೆಚ್ಚು; ಹಾಗಾಗಿ ಹರಕು ಅಲ್ಲೇ ತಡೆಯುತ್ತದೆ. ಲಾರಿ, ವಿಮಾನಗಳ ಟಯರಿಗೆ ಇಂದಿಗೂ ಮರದ ಹಾಲಿನ ರಬ್ಬರೇ ಬೇಕಾಗಿರುವುದರ ಹಿಂದೆ ಈ ಗುಣವಿದೆ.

ಅಚ್ಚರಿಯೆಂದರೆ ಚೀಲದ ಪಾಲಿಪ್ರೊಪಿಲೀನಿಗೂ ರಬ್ಬರಿನ ನಡತೆ ಕಲಿಸಬಹುದು. ಕರಗಿದ ವಸ್ತು ತಣಿಯುತ್ತಿರುವಾಗಲೇ ಬಲವಾಗಿ ಸೆಳೆದರೆ ಮಡಿಕೆಯ ಹಾಳೆಗಳು ಎಳೆತಕ್ಕೆ ಅಡ್ಡವಾಗಿ ಸಾಲುಸಾಲಾಗಿ ನಿಲ್ಲುತ್ತವೆ. ಕಾಯಿಸಿ ಆ ಸಾಲುಗಳನ್ನು ಗಟ್ಟಿಮಾಡಿದ ಮೇಲೆ ಎಳೆದರೆ, ಹಾಳೆಗಳು ಒಡೆಯದೆ ಬಾಗಿ, ನಡುವೆ ಕಣ್ಣಿಗೆ ಕಾಣದ ರಂಧ್ರಗಳನ್ನು ಬಿಡುತ್ತವೆ. ಬಿಟ್ಟರೆ ಬಹುಪಾಲು ಉದ್ದ ಮರಳುತ್ತದೆ. ರಬ್ಬರಿನಲ್ಲಿ ಮುದುರುವ ಸ್ವಾತಂತ್ರ್ಯದ್ದು ಕೆಲಸವಾದರೆ, ಇಲ್ಲಿ ಬಾಗಿದ ಸ್ಫಟಿಕದ ಹಾಳೆಗಳದ್ದು. ಈ ರಂಧ್ರಗಳನ್ನು ಬಿಸಿಯಲ್ಲಿ ಖಾಯಂಗೊಳಿಸಿದ ತೆಳು ಹಾಳೆ ಲಿಥಿಯಂ ಬ್ಯಾಟರಿಯೊಳಗೆ ಎರಡು ವಿದ್ಯುದ್ವಾರಗಳನ್ನು ಬೇರೆಯಾಗಿಟ್ಟು, ಅಯಾನುಗಳಿಗೆ ಮಾತ್ರ ದಾರಿ ಬಿಡುತ್ತದೆ. ಗೊಬ್ಬರದ ಚೀಲ, ಮೊಬೈಲಿನ ಬ್ಯಾಟರಿಯ ಪರದೆ ಎರಡೂ ಒಂದೇ ಜಾತಿಯ ಹರಳಿನಿಂದ ಆಗಬಲ್ಲವು. ಬೇರೆಯಾದದ್ದು ಯಾವ ಗಳಿಗೆಯಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ವೇಗವಾಗಿ ಎಳೆದರು ಎಂಬುದು.

ದಕ್ಕೆಯ ಮೀನುಗಾರರು ಈ ವ್ಯತ್ಯಾಸಗಳನ್ನು ಕೈಯಿಂದಲೇ ಬಲ್ಲರು. ಹಿಂದೆ ಕರಾವಳಿಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದ ಕಾಲದಲ್ಲಿ ಅದು ಹತ್ತಿ, ಸೆಣಬಿನಂಥ ನಾರಿನದು. ಕೊಳೆಯದಿರಲೆಂದು ಮರದ ತೊಗಟೆಯ ಚೊಗರಿನಲ್ಲಿ ಅದ್ದಿ ಒಣಗಿಸಬೇಕಿತ್ತು. ಈಗ ತೆಳು ಬಲೆಗೆ ನೈಲಾನ್, ಟ್ರಾಲ್ ಬಲೆಗೆ ಪಾಲಿಥೀನ್, ಹಗ್ಗಕ್ಕೆ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್. ನೈಲಾನ್ ನೀರಿನಲ್ಲಿ ಮುಳುಗುತ್ತದೆ, ಉಳಿದೆರಡು ತೇಲುತ್ತವೆ. ನೈಲಾನಿನ ಸರಪಳಿಗಳ ನಡುವೆ ಜಲಜನಕ ಬಂಧಗಳಿವೆ; ಬಲೆಗೆ ಬಳಸುವ ನೈಲಾನ್ 6ರಲ್ಲಿ ಎಳೆತಕ್ಕೆ ಸಿಕ್ಕ ಗಾಮಾ ಎಂಬ ರೂಪದ ಸ್ಫಟಿಕಗಳು ಆಲ್ಫಾ ಎಂಬ ಇನ್ನೊಂದು ರೂಪಕ್ಕೆ ತಿರುಗಿ ಆ ಬಂಧಗಳು ಇನ್ನಷ್ಟು ಒಪ್ಪವಾಗಿ ಕೂರುತ್ತವೆ. ಆದರೂ ಗೋಜಲು ಭಾಗ ಸಾಕಷ್ಟು ಉಳಿಯುವುದರಿಂದ ನೈಲಾನ್ ಹಿಗ್ಗಿ ಹೊಡೆತ ತಾಳಿಕೊಳ್ಳುತ್ತದೆ. ಮೀನು ಜಗ್ಗಿದಾಗ ಅದು ವರ. ಹಡಗು ಬಿಗಿದ ನೈಲಾನ್ ಹಗ್ಗ ತುಂಡಾದಾಗ ಅದೇ ಗುಣ ಕಂಟಕ: ಹಿಗ್ಗುವಾಗ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಹಗ್ಗದ ತುದಿ ಹಿಂದಕ್ಕೆ ಬೀಸುತ್ತದೆ. ಬಂದರುಗಳಲ್ಲಿ ಇದರಿಂದ ಜನ ಸತ್ತಿದ್ದಾರೆ. ಬಿಗಿದ ಹಗ್ಗದ ನೇರಕ್ಕೆ ನಿಲ್ಲಬಾರದು ಎಂದು ಹಡಗಿನ ಕೆಲಸಗಾರರಿಗೆ ಮೊದಲೇ ಹೇಳಿಕೊಡುವುದು ಅದಕ್ಕೇ.

ಇಷ್ಟೆಲ್ಲ ಕಷ್ಟಪಟ್ಟು ಕಟ್ಟಿದ ಬಲವನ್ನು ಬಿಸಿಲು ಸದ್ದಿಲ್ಲದೆ ಕಿತ್ತುಕೊಳ್ಳುತ್ತದೆ. ಪಾಲಿಪ್ರೊಪಿಲೀನಿನಲ್ಲಿ ಮೀಥೈಲ್ ಗುಂಪು ಅಂಟಿರುವ ಇಂಗಾಲವೇ ದುರ್ಬಲ ಜಾಗ. ನೇರಳಾತೀತ ಕಿರಣ ಬಿದ್ದಲ್ಲಿ ಆಮ್ಲಜನಕ ಸೇರಿ ಸರಪಳಿ ತುಂಡಾಗುತ್ತದೆ. ಒತ್ತಾದ ಸ್ಫಟಿಕದೊಳಕ್ಕೆ ಆಮ್ಲಜನಕ ಸುಲಭವಾಗಿ ನುಗ್ಗಲಾರದು. ಗೋಜಲು ಭಾಗಕ್ಕೆ ನುಗ್ಗುತ್ತದೆ. ಅಂದರೆ ಮೊದಲು ಕಡಿಯುವುದು ಕೊಂಡಿ ಸರಪಳಿಗಳನ್ನೇ. ತೂಕದಲ್ಲಿ ಏನೂ ಕಡಿಮೆಯಾಗದೆ, ಬಣ್ಣವೂ ಹೆಚ್ಚು ಮಾಸದೆ, ಅಡಿಕೆ ತೋಟದ ಬೇಲಿಗೆ ಕಟ್ಟಿದ ಹಳೆಯ ಚೀಲ ಒಂದು ದಿನ ಮುಟ್ಟಿದರೆ ಚೂರಾಗುವುದು ಹೀಗೆ. ಚೀಲಕ್ಕೆ ಬೆಳಕು ತಡೆಯುವ ಸೇರ್ಪಡೆಗಳನ್ನು ಹಾಕುತ್ತಾರೆ, ಅದು ಗಡುವನ್ನು ಮುಂದೂಡುತ್ತದೆ, ಇಲ್ಲವಾಗಿಸುವುದಿಲ್ಲ. ಉದುರಿದ ಚೂರುಗಳು ಮಳೆನೀರಿನೊಂದಿಗೆ ತೋಡಿಗೆ, ತೋಡಿನಿಂದ ಫಲ್ಗುಣಿಗೆ, ಅಲ್ಲಿಂದ ಕಡಲಿಗೆ. ಮೇ ತಿಂಗಳ ಬಿಸಿಲಲ್ಲಿ ದಕ್ಕೆಯ ಬಯಲಲ್ಲಿ ರಾಶಿ ಬಿದ್ದ ಹಗ್ಗಗಳಿಗೂ ಇದೇ ಗತಿ. ಬಳಸದ ಹಗ್ಗವನ್ನು ನೆರಳಿಗೆ ಹಾಕಿದರೆ ಅದರ ಆಯುಸ್ಸು ನಿಜವಾಗಿಯೂ ಬೆಳೆಯುತ್ತದೆ.

ಮರುಬಳಕೆಯ ಮಾತು ಬಂದಾಗಲೂ ಎಳೆತವೇ ನಿರ್ಣಾಯಕ. ಚೀಲವನ್ನು ಕರಗಿಸಿದರೆ ಎಳೆದು ಕಟ್ಟಿದ ಕ್ರಮವೆಲ್ಲ ಅಳಿಯುತ್ತದೆ. ಮತ್ತೆ ಮೊದಲಿನಿಂದ ಎಳೆಯಬೇಕು. ಸರಪಳಿಗಳು ಉದ್ದವಾಗಿದ್ದರೆ ಅದು ಸಾಧ್ಯ. ಬಿಸಿಲಿಗೂ ಪದೇಪದೇ ಕಾಯಿಸುವುದಕ್ಕೂ ಸಿಕ್ಕು ತುಂಡಾದ ಸರಪಳಿಗಳು ಒಂದು ಸ್ಫಟಿಕದಿಂದ ಇನ್ನೊಂದಕ್ಕೆ ಚಾಚಲು ಸಾಲುವುದಿಲ್ಲ. ಅಂಥ ಪ್ಲಾಸ್ಟಿಕ್ ಕರಗಿದಾಗ ನೀರಾಗಿ ಹರಿಯುತ್ತದೆ, ಒಲೆಯಲ್ಲಿ ಎಳೆಯುವಾಗ ಪಟ್ಟಿ ಕಡಿದು ಯಂತ್ರ ನಿಲ್ಲುತ್ತದೆ. ಆಗ ಅದನ್ನು ಅಚ್ಚಿಗೆ ಸುರಿದು ಬುಟ್ಟಿ, ಹೂಕುಂಡ ಮಾಡುತ್ತಾರೆ. ಮತ್ತೆ ಚೀಲವಾಗುವ ಯೋಗ್ಯತೆ ಅದಕ್ಕಿಲ್ಲ. ಆದ್ದರಿಂದ ಗೊಬ್ಬರ ಖಾಲಿಯಾದ ಚೀಲವನ್ನು ಬೇಲಿಗೆ ಕಟ್ಟದೆ, ಗಟ್ಟಿ ಇರುವಾಗಲೇ ಗುಜರಿಯವರಿಗೆ ಕೊಡುವುದು ಒಳಿತು. ಸಹಕಾರಿ ಸಂಘಗಳು ಯೂರಿಯಾ ಮಾರುವ ಕಟ್ಟೆಯಲ್ಲೇ ಖಾಲಿ ಚೀಲಗಳನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಮಾಡಿದರೆ, ಒಂದು ಮಳೆಗಾಲಕ್ಕೂ ಮೊದಲೇ ಆ ಸರಪಳಿಗಳು ಉದ್ದವಿರುವಾಗಲೇ ಯಂತ್ರಕ್ಕೆ ಮರಳಬಹುದು.